ಮನೋವೈದ್ಯ ವಿಭಾಗದ ಕಿರಿಯರನ್ನು ಕಾಲೇಜಿನ ನಾಯಕತ್ವಕ್ಕೆ ತಯಾರು ಮಾಡುವುದು ಹೇಗೆ?

ಮಾನ್ವಿ ರಸ್ತೆ (ರಾಯಚೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಅಂದರೆ ಬೆರಳೆಣಿಕೆಯ ಜನ. ಬೆಳಗ್ಗೆ ಒಪಿಡಿ ಶುರುವಾದರೆ ಸಿಂಧನೂರು, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬಂದವರ ಸಾಲು ಮಧ್ಯಾಹ್ನದವರೆಗೂ ಕರಗುವುದಿಲ್ಲ. ಅದರ ನಡುವೆ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿಗಳ) ಪಾಠ, ಅಂಗವೈಕಲ್ಯ ಪ್ರಮಾಣಪತ್ರ, ಕೋರ್ಟ್ ಸಾಕ್ಷಿ. ಹೀಗಾಗಿ ಕಿರಿಯ ಅಧ್ಯಾಪಕರು ಒಳ್ಳೆಯ ವೈದ್ಯರಾಗುತ್ತಾರೆ, ಒಳ್ಳೆಯ ಮೇಷ್ಟ್ರೂ ಆಗುತ್ತಾರೆ. ಆದರೆ ಪಠ್ಯಕ್ರಮ ಸಮಿತಿ, ಖರೀದಿ ಸಮಿತಿ, ಎಥಿಕ್ಸ್ ಸಮಿತಿ ಇಂಥ ಕಡೆ ಅವರು ಕಾಣುವುದೇ ಇಲ್ಲ. ಸೂಪರಿಂಟೆಂಡೆಂಟ್, ಪ್ರಿನ್ಸಿಪಾಲ್ ಹುದ್ದೆಗಳ ಮಾತು ಇನ್ನೂ ದೂರ.

ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಎರಡು ಮೂರು ವರ್ಷ ಆದವರನ್ನು, ಹಾಗೆಯೇ ಪಿಜಿ ಮುಗಿಸಿ ದುಡಿಯುತ್ತಿರುವ ಸೀನಿಯರ್ ರೆಸಿಡೆಂಟ್‌ಗಳನ್ನು ಈ ದಾರಿಗೆ ಹಚ್ಚಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಎರಡು ದಿನದ ನಾಯಕತ್ವ ಕಾರ್ಯಾಗಾರಗಳಿಗೆ ಕಳಿಸಿದರೆ ಉಪಯೋಗ ಇದೆಯೇ? ಒಪಿಡಿ ಬಿಟ್ಟು ಸಮಯ ಹೊಂದಿಸುವುದು ಹೇಗೆ? ಬಡ್ತಿಗೆ ಬೇಕಾದ ಪ್ರಕಟಣೆಗಳೂ ಇದರಿಂದಲೇ ಬರುವಂತೆ ಮಾಡಬಹುದೇ? ಅನುಭವಿಗಳು ಬರೆಯಬೇಕಾಗಿ ವಿನಂತಿ.

ಕೋಟೆ ಕೆಳಗಿನವರು (ಬಳ್ಳಾರಿ):

ಕಾರ್ಯಾಗಾರಕ್ಕೆ ಕಳಿಸಿ, ಬೇಡ ಅನ್ನಲ್ಲ. ಆದರೆ ನೋಡ್ರಿ, ವಾಪಸ್ ಬಂದ ಮೇಲೆ ಮಾಡಲು ಒಂದು ಕೆಲಸ ಕಾದಿರದಿದ್ದರೆ ಅಲ್ಲಿ ಕಲಿತದ್ದು ಪ್ರಮಾಣಪತ್ರದಲ್ಲೇ ಉಳಿಯುತ್ತದೆ. ನನ್ನ ಖಚಿತ ಅಭಿಪ್ರಾಯ ಇಷ್ಟು: ಕಿರಿಯರ ಕೈಗೆ ಒಂದೇ ಒಂದು ಕೆಲಸ ಕೊಡಿ, ಆ ಕೆಲಸ ನಮ್ಮ ವಿಭಾಗದ ಗೋಡೆ ದಾಟಿ ಕನಿಷ್ಠ ಇನ್ನೆರಡು ವಿಭಾಗಗಳ ಜೊತೆ ಕೂಡಿ ಮಾಡಬೇಕಾದದ್ದಾಗಿರಲಿ, ಮತ್ತು ಅದಕ್ಕೆ ಬರಹದಲ್ಲಿ ಅಧಿಕಾರ ಇರಲಿ. ವಿಭಾಗದೊಳಗಿನ ಡ್ಯೂಟಿ ಪಟ್ಟಿ ಮಾಡಿಸಿ, ಜರ್ನಲ್ ಕ್ಲಬ್ ನಡೆಸಲು ಹಚ್ಚಿ ನಾಯಕರನ್ನು ಬೆಳೆಸಲು ಆಗುವುದಿಲ್ಲ. ಅಲ್ಲಿ ಎಲ್ಲರೂ ಅವರ ಮಾತು ಹೇಗೂ ಕೇಳುತ್ತಾರೆ.

ರಾಯಚೂರು, ಬಳ್ಳಾರಿ, ಕೊಪ್ಪಳ ಈ ನಮ್ಮ ಮೂರೂ ಜಿಲ್ಲೆಗಳಿಗೆ ಹೊಂದುವ ಕೆಲಸ ಕ್ರಿಮಿನಾಶಕ ಸೇವಿಸಿ ಬಂದವರ ಆರೈಕೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳು, ಮನೆಮನೆಯಲ್ಲೂ ಡಬ್ಬಿ ಇರುತ್ತದೆ. ರೋಗಿ ಕ್ಯಾಶುವಾಲ್ಟಿಗೆ ಬರುತ್ತಾನೆ, ಮೆಡಿಸಿನ್ ಐಸಿಯುಗೆ ಹೋಗುತ್ತಾನೆ, ಬದುಕಿದರೆ ಮನೆಗೆ ಹೋಗುತ್ತಾನೆ. ಮನೋವೈದ್ಯರು ನೋಡಿದರೋ ಇಲ್ಲವೋ ಎಂಬುದು ಆ ದಿನದ ಯೂನಿಟ್ ಮೇಲೆ ನಿಂತಿದೆ. ಇದನ್ನು ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಸರಿಪಡಿಸಿ ತೋರಿಸಿದರೆ ಮೆಡಿಸಿನ್, ಎಮರ್ಜೆನ್ಸಿ, ನರ್ಸಿಂಗ್, ರೆಕಾರ್ಡ್ ವಿಭಾಗ ಎಲ್ಲರಿಗೂ ಅವರ ಹೆಸರು ಗೊತ್ತಾಗುತ್ತದೆ.

ಮೊದಲು ಲೆಕ್ಕ. ನಮ್ಮ ರೆಫರಲ್ ಪುಸ್ತಕದಿಂದ ಎಣಿಸಬೇಡಿ, ಅದರಲ್ಲಿ ನಮ್ಮ ಹತ್ತಿರ ಬಂದವರಷ್ಟೇ ಇರುತ್ತಾರೆ, ನೂರಕ್ಕೆ ನೂರು ನೋಡಿದ್ದೇವೆ ಅನ್ನಿಸುತ್ತದೆ. ಕ್ಯಾಶುವಾಲ್ಟಿಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ರಿಜಿಸ್ಟರ್‌ನಿಂದ ಹೆಸರು ತೆಗೆಯಿರಿ. ರೆಕಾರ್ಡ್ ವಿಭಾಗದಲ್ಲಿ ಐಸಿಡಿ-10ರ (ರೋಗಗಳ ಅಂತರರಾಷ್ಟ್ರೀಯ ಪಟ್ಟಿ) ಟಿ60 (ಕ್ರಿಮಿನಾಶಕದ ವಿಷ) ಮತ್ತು ಎಕ್ಸ್68 (ಬೇಕೆಂದೇ ಕ್ರಿಮಿನಾಶಕ ಸೇವನೆ) ಸಂಕೇತ ಕೊಟ್ಟು ಹುಡುಕಿಸಿ, ಎರಡನ್ನೂ ತಾಳೆ ನೋಡಿ. ಹಿಂದಿನ 3 ತಿಂಗಳಲ್ಲಿ ಎಷ್ಟು ಜನ ದಾಖಲಾದರು, ಬಿಡುಗಡೆಗೆ ಮೊದಲು ಎಷ್ಟು ಜನರನ್ನು ಮನೋವೈದ್ಯರು ನೋಡಿದರು, ಇಷ್ಟೇ ಸಾಕು. ಈ ಒಂದು ಅಂಕಿ ಹಿಡಿದು ಸೂಪರಿಂಟೆಂಡೆಂಟ್ ಹತ್ತಿರ ಹೋಗಬೇಕು.

ಎರಡನೆಯದು ಕಚೇರಿ ಆದೇಶ. ಕಿರಿಯರ ಹೆಸರು ಹಾಕಿ ನೋಡಲ್ ಅಧಿಕಾರಿ ಎಂದು ಸೂಪರಿಂಟೆಂಡೆಂಟ್ ಸಹಿ ಆಗಬೇಕು, ಆದೇಶದ ಪ್ರತಿಯು ಮೆಡಿಸಿನ್ ಮುಖ್ಯಸ್ಥರಿಗೆ, ಎಮರ್ಜೆನ್ಸಿಗೆ, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಹೋಗಬೇಕು. ಇದಿಲ್ಲದೆ ಹೋದರೆ ವಾರ್ಡಿನ ಸಿಸ್ಟರ್ "ನಮಗೆ ಯಾರೂ ಹೇಳಿಲ್ಲ ಸರ್" ಅನ್ನುತ್ತಾರೆ, ಅವರು ಹೇಳುವುದು ಸರಿಯೇ. ಬಾಯಿಮಾತಿನ ಏರ್ಪಾಡು ಆ ಯೂನಿಟ್ ಮುಖ್ಯಸ್ಥರು ರಜೆ ಹೋದ ದಿನವೇ ಮುಗಿಯುತ್ತದೆ.

ಮೂರನೆಯದು ನಡೆಯುವ ವಿಧಾನ, ಇಲ್ಲೇ ಹೆಚ್ಚು ಎಡವುವುದು. ದಾಖಲಾದ ದಿನವೇ ರೆಫರಲ್ ಬಂದರೆ ರೋಗಿ ವಿಷಕ್ಕೆ ಕೊಡುವ ಅಟ್ರೋಪಿನ್ ಮದ್ದಿನ ಮೇಲೆ ಗಾಬರಿಗೊಂಡು ಬಡಬಡಿಸುತ್ತಿರುತ್ತಾನೆ. ಆ ಡೆಲಿರಿಯಂ (ತಾತ್ಕಾಲಿಕ ಪ್ರಜ್ಞೆಯ ಗೊಂದಲ) ನೋಡಿ ಯಾರೋ ಸೈಕೋಸಿಸ್ (ತೀವ್ರ ಮನೋರೋಗ) ಎಂದು ಬರೆದು ಹೋಗುತ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಕ್ರಿಮಿನಾಶಕ ಆದರೆ 24ರಿಂದ 96 ಗಂಟೆಯೊಳಗೆ ಉಸಿರಾಟದ ಸ್ನಾಯುಗಳು ಸೋಲುವ ಸಂಭವವೂ ಇದೆ. ಆದ್ದರಿಂದ ಎರಡು ಭೇಟಿ ಇಡಿ: ಮೊದಲನೆಯದು ಮನೆಯವರ ಜೊತೆ, ಎರಡನೆಯದು ಪ್ರಜ್ಞೆ ತಿಳಿಯಾದ ಮೇಲೆ ರೋಗಿಯ ಜೊತೆ ಒಂಟಿಯಾಗಿ. ಮನೆಯವರ ಎದುರು ಕೇಳಿದರೆ "ನೀರು ಅಂತ ತಪ್ಪಿ ಕುಡಿದೆ" ಎಂಬ ಉತ್ತರವೇ ಬರುತ್ತದೆ. ಪೊಲೀಸ್ ಕೇಸಿನ ಹೆದರಿಕೆ ಇರುತ್ತದಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಈಗ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವಾಗಿಸಿದ್ದ ಹಳೆಯ ಐಪಿಸಿ 309ನೇ ಕಲಮೂ ಇಲ್ಲ. ಇದನ್ನು ಕ್ಯಾಶುವಾಲ್ಟಿ ವೈದ್ಯರಿಗೂ ಹೊರಠಾಣೆ ಪೊಲೀಸರಿಗೂ ತಿಳಿಸುವುದು ಸಹ ಆ ಕಿರಿಯರ ಕೆಲಸ.

ಬಿಡುಗಡೆ ಆದ ಮೇಲಿನ ಫೋನ್ ಸಂಪರ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಮಾದರಿ ಇದೆ. ಚೆನ್ನೈ ಸೇರಿ 5 ದೇಶಗಳ ಕೇಂದ್ರಗಳಲ್ಲಿ 1,867 ಜನರ ಮೇಲೆ ನಡೆದದ್ದು, 2008ರಲ್ಲಿ ಪ್ರಕಟವಾಯಿತು. ಬಿಡುಗಡೆಗೆ ಮುಂಚೆ ಒಂದು ಗಂಟೆಯ ಮಾತುಕತೆ, ಆಮೇಲೆ 1, 2, 4, 7, 11ನೇ ವಾರ ಹಾಗೂ 4, 6, 12, 18ನೇ ತಿಂಗಳು, ಒಟ್ಟು 9 ಸಂಪರ್ಕ. 18 ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ಸತ್ತವರು ಈ ಗುಂಪಿನಲ್ಲಿ ಶೇ 0.2, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 2.2. ನಮ್ಮಲ್ಲಿ ಕೈಕೊಡುವುದು ಫೋನ್ ನಂಬರ್. ಕೇಸ್ ಶೀಟಿನಲ್ಲಿ ಇರುವುದು ಕರೆತಂದ ಸಂಬಂಧಿಕರದ್ದು. ಎರಡು ನಂಬರ್ ಬರೆಸಿಕೊಳ್ಳಿ, ಅಲ್ಲೇ ರಿಂಗ್ ಮಾಡಿ ನೋಡಿ. ಯಾರು ಫೋನ್ ಎತ್ತಿದರೆ ಏನು ಹೇಳಬಹುದು, ಏನು ಹೇಳಬಾರದು ಎಂದು ರೋಗಿಯನ್ನೇ ಕೇಳಿ ಬರೆದಿಡಿ.

ಕೊನೆಗೆ ಬಡ್ತಿಯ ವಿಷಯ. 2022ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದಂತೆ ಅಸೋಸಿಯೇಟ್ ಆಗಲು 4 ವರ್ಷದ ಸೇವೆ, 2 ಪ್ರಕಟಣೆ, ಜೊತೆಗೆ ಸಂಶೋಧನೆಯ ಮೂಲ ಕೋರ್ಸ್ ಮತ್ತು ವೈದ್ಯಶಿಕ್ಷಣದ ಮೂಲ ಕೋರ್ಸ್ ಬೇಕಿತ್ತು. ಒಂಟಿ ಕೇಸ್ ರಿಪೋರ್ಟ್ ಲೆಕ್ಕಕ್ಕಿರಲಿಲ್ಲ. ಮೊದಲ ಮೂರು ಲೇಖಕರಲ್ಲಿ ಒಬ್ಬರಾಗಿರಬೇಕಿತ್ತು ಅಥವಾ ಕರೆಸ್ಪಾಂಡಿಂಗ್ ಲೇಖಕರಾಗಿರಬೇಕಿತ್ತು. 2025ರಲ್ಲಿ ಹೊಸ ನಿಯಮ ಬಂದಿದೆ, ಅರ್ಜಿ ಹಾಕುವ ಮುಂಚೆ ಈಗಿನ ಪಠ್ಯ ಓದಿಕೊಳ್ಳಿ. ಮೇಲಿನ ಕೆಲಸದಿಂದಲೇ ಎರಡು ಮೂಲ ಲೇಖನ ಬರಬಹುದು. ಆದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಮಾಹಿತಿ ಸಂಗ್ರಹಕ್ಕೆ ಮೊದಲೇ ಬೇಕು. ಸೇವೆಯ ಸುಧಾರಣೆ ಎಂದು ಶುರು ಮಾಡಿ, ವರ್ಷದ ನಂತರ ಪ್ರಕಟಿಸೋಣ ಅಂದರೆ ಹಿಂದಿನ ದಿನಾಂಕದ ಒಪ್ಪಿಗೆ ಯಾರೂ ಕೊಡುವುದಿಲ್ಲ. ಲೇಖಕರ ಕ್ರಮವನ್ನೂ ಅದೇ ದಿನ ಬರೆದು ಸಹಿ ಮಾಡಿಸಿ. ವಿಭಾಗಗಳು ಮುನಿಸಿಕೊಳ್ಳುವುದು ಹೆಚ್ಚಾಗಿ ಇದಕ್ಕೇ.

ಗವಿಮಠ ರಸ್ತೆ (ಕೊಪ್ಪಳ):

ಬಳ್ಳಾರಿ ಸರ್ ಹೇಳಿದ್ದು ಆಸ್ಪತ್ರೆಯ ಕಡೆಯ ದಾರಿ. ಶಿಕ್ಷಣದ ಕಡೆಯಿಂದಲೂ ಒಂದು ದಾರಿ ಇದೆ, ಚಿಕ್ಕ ವಿಭಾಗಕ್ಕೆ ಅದು ಇನ್ನೂ ಹತ್ತಿರ ಎಂದು ನನ್ನ ನಂಬಿಕೆ.

2019ರ ಬ್ಯಾಚ್‌ನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಅದರೊಳಗಿನ ಎಟ್‌ಕಾಮ್, ಅಂದರೆ ವೈದ್ಯರ ಮನೋಭಾವ, ನೀತಿ, ಸಂವಹನದ ಪಾಠ, ಮೊದಲ ವರ್ಷದಿಂದ ಕೊನೆಯವರೆಗೂ ನಡೆಯಬೇಕು. ಅನಾಟಮಿ, ಫಿಸಿಯಾಲಜಿಯವರಿಗೆ ಅದನ್ನು ನಡೆಸುವುದು ಕಷ್ಟ, ಅವರೇ ಸಹಾಯ ಕೇಳುತ್ತಾರೆ. ಕೆಟ್ಟ ಸುದ್ದಿ ತಿಳಿಸುವುದು, ಒಪ್ಪಿಗೆ ಪಡೆಯುವುದು, ಸಿಟ್ಟಾದ ಸಂಬಂಧಿಕರೊಡನೆ ಮಾತು, ಇವೆಲ್ಲ ಮನೋವೈದ್ಯರು ದಿನಾ ಮಾಡುವ ಕೆಲಸ. ಕಿರಿಯರೊಬ್ಬರು ವೈದ್ಯಶಿಕ್ಷಣ ಘಟಕ ಸೇರಿ ಒಂದು ವರ್ಷದ ಎಟ್‌ಕಾಮ್ ವೇಳಾಪಟ್ಟಿ, ಪಾತ್ರಾಭಿನಯದ ಸನ್ನಿವೇಶಗಳು, ಅಂಕ ಹಾಕುವ ಚೆಕ್‌ಲಿಸ್ಟ್ ಸಿದ್ಧಪಡಿಸಿದರೆ ಪಠ್ಯಕ್ರಮ ಸಮಿತಿಗೆ ಕರೆ ತಾನಾಗಿ ಬರುತ್ತದೆ. ಸನ್ನಿವೇಶಗಳು ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದ ಸಮಾಧಾನದ ಮಾತು ಯಲಬುರ್ಗಾದ ಅಜ್ಜಿಯ ಮುಂದೆ ಕೆಲಸಕ್ಕೆ ಬರುವುದಿಲ್ಲ. ಬೇರೆ ರಾಜ್ಯದ ವಿದ್ಯಾರ್ಥಿಗಳಿಗೆ ಇದೇ ಭಾಷೆಯ ಪಾಠವೂ ಆಗುತ್ತದೆ.

ಇದರ ಮುಂದಿನ ಮೆಟ್ಟಿಲು ವೈದ್ಯಶಿಕ್ಷಣದ ಅಡ್ವಾನ್ಸ್ಡ್ ಕೋರ್ಸ್, ಅದರಲ್ಲಿ ಸ್ವಂತ ಕಾಲೇಜಿನಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು. ಅದಾದ ಮೇಲೆ ವೈದ್ಯಶಿಕ್ಷಕರಿಗಾಗಿನ ಫೈಮರ್ ಫೆಲೋಶಿಪ್. ಕೊಯಮತ್ತೂರಿನ ಪಿಎಸ್‌ಜಿ, ಲುಧಿಯಾನದ ಸಿಎಂಸಿ ಈ ಕಾರ್ಯಕ್ರಮಕ್ಕೆ ಹೆಸರಾದ ಕೇಂದ್ರಗಳು. ಎರಡು ವರ್ಷದ ಕಾರ್ಯಕ್ರಮ, ನಡುವೆ ಆನ್‌ಲೈನ್ ಚರ್ಚೆ. ನಿಜವಾದ ಲಾಭ ಅಂದರೆ ಬೇರೆ ಬೇರೆ ವಿಷಯಗಳ, ಬೇರೆ ಕಾಲೇಜುಗಳ ಗೆಳೆಯರು ಸಿಗುತ್ತಾರೆ. ಇಬ್ಬರೇ ಅಧ್ಯಾಪಕರಿರುವ ವಿಭಾಗದಲ್ಲಿ ಕುಳಿತವರಿಗೆ ಇದರ ಬೆಲೆ ತುಂಬಾ.

ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಮನೋವೈದ್ಯರು ಎಂದ ಕೂಡಲೇ ರ‍್ಯಾಗಿಂಗ್ ತಡೆ, ವಿದ್ಯಾರ್ಥಿ ಕುಂದುಕೊರತೆ, ಆಪ್ತಸಮಾಲೋಚನೆ, ಹಾಸ್ಟೆಲ್ ಸಮಿತಿ ಎಲ್ಲದಕ್ಕೂ ಹೆಸರು ಹಾಕುತ್ತಾರೆ. ಎಲ್ಲವೂ ಬೇಕಾದ ಕೆಲಸಗಳೇ, ಆದರೆ ಹಣ, ಹುದ್ದೆ, ಜಾಗ ಹಂಚುವ ಅಧಿಕಾರ ಇವುಗಳಿಗಿಲ್ಲ. ಇಂಥದ್ದು ಒಂದು ಒಪ್ಪಿಕೊಂಡರೆ ಖರೀದಿ, ಔಷಧಿ, ಆಸ್ಪತ್ರೆ ಗುಣಮಟ್ಟ ಇವುಗಳಲ್ಲಿ ಒಂದನ್ನು ಕೇಳಿ ಪಡೆಯಬೇಕು. ಕಿರಿಯರಿಗೆ ಕೇಳುವ ಧೈರ್ಯ ಇರುವುದಿಲ್ಲ, ಅವರ ಪರವಾಗಿ ವಿಭಾಗದ ಮುಖ್ಯಸ್ಥರೇ (ಎಚ್‌ಒಡಿ) ಕೇಳಬೇಕು. ಮಹಿಳಾ ಅಧ್ಯಾಪಕರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಸಂಜೆ 5ರ ಮೇಲೆ ಸಭೆ ಕರೆದು, ಅವರು ಬರಲಿಲ್ಲ ಎಂದು ಹೆಸರು ತೆಗೆಯುವುದು ಅನ್ಯಾಯ. ಸಭೆಯನ್ನು ಮಧ್ಯಾಹ್ನ 2.30ಕ್ಕೆ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಎನ್‌ಎಂಸಿ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟ ಮೇಲೆ ಕಾಲೇಜುಗಳು ಈ ಕೆಲಸವನ್ನು ಮನೋವೈದ್ಯ ವಿಭಾಗಕ್ಕೆ ಒಪ್ಪಿಸುತ್ತಿವೆ. ವ್ಯವಸ್ಥೆ ಕಟ್ಟುವವರು ನಾವಾಗಬಹುದು, ಆದರೆ ನಮ್ಮದೇ ವಿದ್ಯಾರ್ಥಿಗೆ ಚಿಕಿತ್ಸೆ ಕೊಡುವವರೂ ಪರೀಕ್ಷಕರೂ ಒಬ್ಬರೇ ಆಗಬಾರದು. ಪಕ್ಕದ ಜಿಲ್ಲೆಯ ಕಾಲೇಜಿನೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ, ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಎಲ್ಲ ಹಾಸ್ಟೆಲ್ ಬಾಗಿಲಿಗೂ ಅಂಟಿಸಿ. "ಯಾರ‍್ಯಾರು ಬಂದಿದ್ರು?" ಎಂದು ಆಡಳಿತದವರು ಕೇಳಿದರೆ ಸಂಖ್ಯೆ ಮಾತ್ರ ಕೊಡಬೇಕು. ಗೋಪ್ಯತೆ ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ನಿನ ಹಕ್ಕು. ಒಮ್ಮೆ ಒಂದು ಹೆಸರು ಹೊರಬಿದ್ದರೆ ಆ ಬ್ಯಾಚಿನಿಂದ ಮತ್ತೆ ಯಾರೂ ಬರುವುದಿಲ್ಲ.

ಟಿಪ್ಪಣಿ ಹಾಳೆ (ಬಳ್ಳಾರಿ):

ನಾನು ಆಡಳಿತ ಶಾಖೆಯ ಕಡೆಯವನು. ಡಾಕ್ಟರ್‌ಗಳ ಒಳ್ಳೆಯ ಪ್ರಸ್ತಾವನೆಗಳು ಎಲ್ಲಿ ಸಾಯುತ್ತವೆ ಎಂದು ಹೇಳುತ್ತೇನೆ. ಆರು ಪುಟದ ಪತ್ರ ಬರುತ್ತದೆ, ಮೊದಲ ನಾಲ್ಕು ಪುಟ ರೋಗದ ಮಹತ್ವ. ಏನು ಮಂಜೂರು ಮಾಡಬೇಕು ಎಂಬುದೇ ಇರುವುದಿಲ್ಲ. ಒಂದು ಪುಟ ಸಾಕು: ಈಗಿನ ಸ್ಥಿತಿ ಒಂದೆರಡು ಅಂಕಿಯಲ್ಲಿ, ಬೇಡಿಕೆ, ಅಂದಾಜು ವೆಚ್ಚ, ಯಾವ ಲೆಕ್ಕ ಶೀರ್ಷಿಕೆಯಲ್ಲಿ ಭರಿಸಬಹುದು, ಯಾರ ಅನುಮೋದನೆ ಬೇಕು. ಕೊನೆಯ ಸಾಲು "ಅನುಮೋದನೆಗಾಗಿ ಸಲ್ಲಿಸಿದೆ" ಎಂದಿರಲಿ, "ಸೂಕ್ತ ಕ್ರಮಕ್ಕಾಗಿ" ಎಂದು ಬರೆದರೆ ಕಡತ ಸುತ್ತುತ್ತಲೇ ಇರುತ್ತದೆ.

ಉದಾಹರಣೆಗೆ ಇಸಿಟಿ, ಅಂದರೆ ವಿದ್ಯುತ್ ಚಿಕಿತ್ಸೆಯ ಯಂತ್ರ. ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಇಂಡೆಂಟಿನಲ್ಲಿ (ಬೇಡಿಕೆ ಪತ್ರದಲ್ಲಿ) ಯಂತ್ರ ಮಾತ್ರ ಬರೆದರೆ ಯಂತ್ರ ಬರುತ್ತದೆ, ಬೀರುವಿನಲ್ಲಿ ಕೂರುತ್ತದೆ. ಮಾನಿಟರ್, ಪಲ್ಸ್ ಆಕ್ಸಿಮೀಟರ್, ಬಾಯಿಗಿಡುವ ಬೈಟ್ ಬ್ಲಾಕ್, ಜೆಲ್, ಸಕ್ಷನ್, ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದ ಎಲ್ಲ ಒಂದೇ ಪ್ರಸ್ತಾವನೆಯಲ್ಲಿರಲಿ. ವಾರದಲ್ಲಿ ಇಂಥ ಎರಡು ಬೆಳಗ್ಗೆ ವೈದ್ಯರನ್ನು ಕೊಡುತ್ತೇವೆ ಎಂದು ಅನಸ್ತೇಶಿಯಾ ಮುಖ್ಯಸ್ಥರ ಸಹಿಯ ಪತ್ರ ಲಗತ್ತಿಸಿ. ಆ ಒಂದು ಪತ್ರ ತರುವಷ್ಟರಲ್ಲಿ ಕಿರಿಯರು ಸಂಧಾನ ಅಂದರೇನು ಎಂದು ಕಲಿತಿರುತ್ತಾರೆ. ಖರೀದಿ ಕೆಟಿಪಿಪಿ (ರಾಜ್ಯದ ಸರ್ಕಾರಿ ಖರೀದಿ ಪಾರದರ್ಶಕತೆ) ಕಾಯ್ದೆಯಡಿ ಟೆಂಡರ್ ಆಗುವುದರಿಂದ ತಾಂತ್ರಿಕ ವಿವರದಲ್ಲಿ ಒಂದೇ ಕಂಪನಿಗೆ ಹೊಂದುವಂತೆ ಬರೆಯಬೇಡಿ, ಆಕ್ಷೇಪಣೆ ಬಂದು ಇಡೀ ಟೆಂಡರ್ ರದ್ದಾಗುತ್ತದೆ. ಮಾರ್ಚ್‌ನಲ್ಲಿ ಓಡಿ ಬರಬೇಡಿ. ಮುಂದಿನ ವರ್ಷದ ಬೇಡಿಕೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಕಡತದಲ್ಲಿರಬೇಕು. ದೊಡ್ಡ ಉಪಕರಣ, ಕಟ್ಟಡವಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾಯೋಜನೆಗೆ ಸೇರಿಸುವ ದಾರಿಯೂ ಇದೆ.

ಸಭೆ ನಡೆಸುವುದನ್ನೂ ಕಲಿಸಿ. ನಡಾವಳಿ ಎರಡು ದಿನದಲ್ಲಿ ಹೊರಡಬೇಕು, ಪ್ರತಿ ತೀರ್ಮಾನದ ಎದುರು ಹೆಸರು ಮತ್ತು ದಿನಾಂಕ ಇರಬೇಕು. ಮುಂದಿನ ಸಭೆ ಶುರುವಾಗುವುದು ಅನುಪಾಲನಾ ವರದಿಯಿಂದ. ನಡಾವಳಿ ಬರೆಯುವವರ ಕೈಯಲ್ಲಿ ಸಮಿತಿಯ ನೆನಪು ಇರುತ್ತದೆ, ಆ ಕೆಲಸವನ್ನು ಚಿಕ್ಕದೆಂದು ಬಿಟ್ಟುಕೊಡಬೇಡಿ.

ಮಾನ್ವಿ ರಸ್ತೆ (ರಾಯಚೂರು):

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಸಂಶಯ. ಒಪಿಡಿ ತುಂಬಿರುವಾಗ ಸಮಯ ಎಲ್ಲಿಂದ ತರುವುದು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಾಗೆಯೇ ಪಿಜಿಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕಾದ 3 ತಿಂಗಳ ಜಿಲ್ಲಾ ರೆಸಿಡೆನ್ಸಿಯನ್ನು ಇದಕ್ಕೆ ಬಳಸಬಹುದೇ?

ಎಡದಂಡೆ (ಗಂಗಾವತಿ):

ಜಿಲ್ಲಾ ರೆಸಿಡೆನ್ಸಿಗೆ ನಾನು ಉತ್ತರಿಸುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಡೀ ದೇಶಕ್ಕೆ ಹೋದದ್ದು ನಮ್ಮ ಬಳ್ಳಾರಿಯಿಂದ. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಘೋಷಣೆಯಾಯಿತು, 1985ರ ಹೊತ್ತಿಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಆ ಮಾದರಿಯನ್ನೇ ಮೊದಲು 4 ಜಿಲ್ಲೆಗಳಿಗೆ ಒಯ್ದಿತು. ಹೇಗೆ ಸಾಧ್ಯವಾಯಿತು ನೋಡಿ: ಕ್ಲೋರ್‌ಪ್ರೊಮಜಿನ್, ಅಮಿಟ್ರಿಪ್ಟಲಿನ್, ಟ್ರೈಹೆಕ್ಸಿಫೆನಿಡಿಲ್, ಫ್ಲೂಫೆನಜಿನ್ ಡೆಪೋ ಇಂಜೆಕ್ಷನ್, ಫಿನೋಬಾರ್ಬಿಟೋನ್, ಫೆನಿಟಾಯಿನ್, ಆರೇ ಔಷಧ. ಸರಳ ದಾಖಲೆ, ತಿಂಗಳ ವರದಿ, ಜಿಲ್ಲಾ ಕೇಂದ್ರದಲ್ಲಿ ಬೆಂಬಲಕ್ಕೆ ಮನೋವೈದ್ಯರ ತಂಡ. ಬೇರೆಯವರು ಎತ್ತಿಕೊಂಡು ಹೋಗಬಹುದಾದಷ್ಟು ಸರಳವಾಗಿ ಕೆಲಸ ಕಟ್ಟುವುದು ದೊಡ್ಡ ನಾಯಕತ್ವ. ಪಿಜಿಗಳಿಗೆ ಈ ಚರಿತ್ರೆಯನ್ನು ಪಾಠವಾಗಿ ಇಡಲೇಬೇಕು, ಅದು ನಮ್ಮ ನೆಲದ್ದು.

ರೆಸಿಡೆನ್ಸಿ 3, 4 ಅಥವಾ 5ನೇ ಸೆಮಿಸ್ಟರ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ ಪಿಜಿಯನ್ನು ಜಿಲ್ಲಾ ಆಸ್ಪತ್ರೆಯ ಒಪಿಡಿಯಲ್ಲಿ ಕೂರಿಸಿ ಮುಗಿಸುತ್ತಾರೆ. ಹಾಗೆ ಮಾಡದೆ ಒಂದು ತಾಲ್ಲೂಕು ಕೊಡಿ. ಮೊದಲ ತಿಂಗಳು ಆ ತಾಲ್ಲೂಕಿನ ಪ್ರತಿ ಕೇಂದ್ರದಲ್ಲಿ ಯಾವ ಮನೋಔಷಧಿ ಇದೆ, ಎಷ್ಟು ದಿನ ಖಾಲಿಯಾಗಿತ್ತು ಎಂಬ ಪಟ್ಟಿ. ಎರಡನೇ ತಿಂಗಳು ಔಷಧಿ ಬಿಟ್ಟವರು ಯಾಕೆ ಬಿಟ್ಟರು ಎಂದು ಆಶಾ ಕಾರ್ಯಕರ್ತೆಯರ ಜೊತೆ ಹೋಗಿ ಕೇಳುವುದು. ಮೂರನೇ ತಿಂಗಳು ಜಿಲ್ಲಾ ಆರೋಗ್ಯ ಅಧಿಕಾರಿಯ ಮಾಸಿಕ ಸಭೆಯಲ್ಲಿ ಹತ್ತು ನಿಮಿಷ ಮಂಡಿಸುವುದು. ಔಷಧಿ ಖಾಲಿಯಾಗುವ ಕಾರಣ ಹೆಚ್ಚಾಗಿ ಇಂಡೆಂಟ್: ಹಿಂದಿನ ವರ್ಷ ಬಳಸಿದ ಪ್ರಮಾಣ ನೋಡಿ ಮುಂದಿನದು ಕೇಳುತ್ತಾರೆ. ಹಿಂದಿನ ವರ್ಷ ಮೂರು ತಿಂಗಳು ಖಾಲಿಯಿದ್ದರೆ ಬಳಕೆ ಕಡಿಮೆ ತೋರಿಸುತ್ತದೆ, ಈ ವರ್ಷ ಇನ್ನೂ ಕಡಿಮೆ ಬರುತ್ತದೆ. ಇದನ್ನು ರೋಗಿಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕಿ ತೋರಿಸಿದ ಪಿಜಿಯನ್ನು ಜಿಲ್ಲೆಯವರು ಮರೆಯುವುದಿಲ್ಲ. ಎನ್‌ಎಚ್‌ಎಂನ (ರಾಷ್ಟ್ರೀಯ ಆರೋಗ್ಯ ಅಭಿಯಾನ) ವಾರ್ಷಿಕ ಯೋಜನೆ ತಯಾರಾಗುವ ಮುಂಚೆ ಈ ಅಂಕಿ ಅವರ ಕೈಯಲ್ಲಿರಬೇಕು ಅಷ್ಟೆ.

ಕೋಟೆ ಕೆಳಗಿನವರು (ಬಳ್ಳಾರಿ):

ಸಮಯದ ಬಗ್ಗೆ. ಒಪಿಡಿ ದಿನ ಕಡಿಮೆ ಮಾಡಲು ಹೋಗಬೇಡ್ರಿ, ಜನ ದೂರದಿಂದ ಬರುತ್ತಾರೆ. ಸ್ಥಿರವಾಗಿರುವ ಹಳೆಯ ರೋಗಿಗಳು ಬರೀ ಗುಳಿಗೆಗಾಗಿ ಬರುವುದು ಎಷ್ಟು ಎಂದು ಒಂದು ವಾರ ಎಣಿಸಿ. ಅವರಲ್ಲಿ ತೊಂದರೆ ಇಲ್ಲದವರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಔಷಧಿ ಸಿಗುವಂತೆ ಚೀಟಿ ಕೊಟ್ಟು, ಇಲ್ಲಿಗೆ ಮೂರು ತಿಂಗಳಿಗೊಮ್ಮೆ ಕರೆದರೆ ಸಾಲು ಇಳಿಯುತ್ತದೆ. ರಕ್ತ ಪರೀಕ್ಷೆ ಬೇಕಾಗುವ ಲಿಥಿಯಂ, ಕ್ಲೋಜಪಿನ್ ಔಷಧಿಗಳ ಮೇಲಿರುವವರನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅವರಿಗೆ ವಾರದ ಒಂದು ದಿನ ಪ್ರತ್ಯೇಕ ಕ್ಲಿನಿಕ್ ಇರಲಿ, ಅದನ್ನೇ ಒಬ್ಬ ಸೀನಿಯರ್ ರೆಸಿಡೆಂಟ್ ಸ್ವಂತವಾಗಿ ನಡೆಸಲಿ. ಲಿಥಿಯಂ ಮಟ್ಟ ನೋಡಲು ರಕ್ತ ಕೊನೆಯ ಡೋಸ್ ಆದ 12 ಗಂಟೆಗೆ ತೆಗೆಯಬೇಕು, ಲಿಥಿಯಂ ಹೆಪಾರಿನ್ ಟ್ಯೂಬಿನಲ್ಲಿ ತೆಗೆದರೆ ಅಂಕಿ ಸುಳ್ಳೇ ಏರಿ ಬರುತ್ತದೆ. ಇದನ್ನು ಬಯೋಕೆಮಿಸ್ಟ್ರಿಯವರ ಜೊತೆ ಕೂತು ಲ್ಯಾಬ್ ಟೆಕ್ನಿಷಿಯನ್‌ವರೆಗೂ ಒಪ್ಪಿಸುವುದು ಆ ರೆಸಿಡೆಂಟ್‌ನ ಮೊದಲ ಅಂತರ್‌ವಿಭಾಗೀಯ ಕೆಲಸ.

ಹೀಗೆ ಉಳಿದ ಸಮಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ ಒಂದು ಮಧ್ಯಾಹ್ನ ಬರಹದಲ್ಲಿ ಮೀಸಲಿಡಿ, ಡ್ಯೂಟಿ ಪಟ್ಟಿಯಲ್ಲೇ ಅಚ್ಚಾಗಲಿ. ಪಟ್ಟಿಯಲ್ಲಿ ಇಲ್ಲದ ಬಿಡುವು ಬಿಡುವಲ್ಲ, ಯಾರಾದರೂ ರಜೆ ಹಾಕಿದ ದಿನ ಮೊದಲು ಹೋಗುವುದು ಅದೇ. ತಿಂಗಳಿಗೊಮ್ಮೆ ಅರ್ಧ ಗಂಟೆ ಹಿರಿಯರು ಅವರ ಜೊತೆ ಕೂತು, ಯಾವ ಬಾಗಿಲು ತೆರೆಯಲಿಲ್ಲ ಎಂದು ಕೇಳಿ, ಆ ವಿಭಾಗದ ಮುಖ್ಯಸ್ಥರಿಗೆ ತಾವೇ ಫೋನ್ ಮಾಡಬೇಕು. ಹೊರಗಿನ ಒಬ್ಬ ಮಾರ್ಗದರ್ಶಕರೂ ಇರಲಿ, ಸರ್ಜರಿಯವರಾದರೆ ಇನ್ನೂ ಒಳ್ಳೆಯದು. ನಾವು ಮನೋವೈದ್ಯರು ಕೇಳಿಸಿಕೊಳ್ಳಲು ತರಬೇತಾದವರು, ತೀರ್ಪು ತಡ ಮಾಡುತ್ತೇವೆ. ಸಭೆಯಲ್ಲಿ ಅದು ಗೊಂದಲದಂತೆ ಕಾಣುತ್ತದೆ. ಸರ್ಜನ್ ಬಳಿ ಕಲಿಯಬೇಕಾದದ್ದು ಇಷ್ಟು ಹೊತ್ತಿಗೆ ಇಷ್ಟು ಮಾಹಿತಿಯಲ್ಲಿ ತೀರ್ಮಾನ ಹೇಳುವುದು. ಮತ್ತೆ, ಒಪ್ಪದ ಸಹೋದ್ಯೋಗಿಯ ಸ್ವಭಾವದ ಬಗ್ಗೆ ನಮ್ಮ ಪರಿಭಾಷೆಯಲ್ಲಿ ಒಂದು ಮಾತೂ ಆಡಬಾರದೆಂದು ಮೊದಲ ದಿನವೇ ಹೇಳಿಬಿಡಿ. ಒಮ್ಮೆ ಆಡಿದರೆ ಆ ಸಮಿತಿಯಲ್ಲಿ ಅವರನ್ನು ಯಾರೂ ನಂಬುವುದಿಲ್ಲ.

ಆರು ತಿಂಗಳಿಗೆ ಒಮ್ಮೆ ಎಂಎಲ್‌ಸಿ ರಿಜಿಸ್ಟರ್ ಲೆಕ್ಕವನ್ನು ಮತ್ತೆ ತೆಗೆದು ಕಾಲೇಜು ಕೌನ್ಸಿಲ್ ಸಭೆಯಲ್ಲಿ ಆ ಕಿರಿಯರೇ ಮಂಡಿಸಲಿ, ಎಚ್‌ಒಡಿ ಪಕ್ಕದಲ್ಲಿ ಕೂತರೆ ಸಾಕು. ಮನೋವೈದ್ಯರು ನೋಡಿದವರ ಅಂಕಿ ಇಳಿದಿದ್ದರೆ ಇಳಿದಿದೆ ಎಂದೇ ಹೇಳಲಿ, ಯಾವ ವಾರ್ಡಿನಲ್ಲಿ, ಯಾವ ಪಾಳಿಯಲ್ಲಿ ಎಂದೂ ಹೇಳಲಿ. ಶನಿವಾರ ಸಂಜೆಯ ಬಿಡುಗಡೆಗಳನ್ನು ಬೇರೆಯಾಗಿ ಎಣಿಸಿ, ಕೈತಪ್ಪಿ ಹೋಗುವವರು ಹೆಚ್ಚು ಅಲ್ಲೇ ಇರುತ್ತಾರೆ.